ಕಾಣೆಯಾದ ಡಿಸ್ಕೂ ಅಪ್ಪನ ಏಳು ಕಡತಗಳೂ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಬರೆಯೋ ಸೋಮಾರಿತನ ಅಷ್ಟೆ. ಇವತ್ತು ಬರೀತಿರೋದು ಸ್ವಲ್ಪ ತಾಂತ್ರಿಕ ವಿಷಯ. ಲಿನಕ್ಸ್ ಅಂದ್ರೆ ಮಾರು ದೂರ ಓಡೋರು ದಯವಿಟ್ಟು ಓಡಬೇಡಿ, ಇದರಲ್ಲಿ ನಮ್ಮಪ್ಪನೂ ಇದ್ದಾರೆ. :-)

ಶುರುವಾಗಿದ್ದು ಕಳೆದ ಬೇಸಿಗೆ ರಜೆಯಲ್ಲಿ, ಸಾಗರದ ಮನೆಯ ಜಗುಲಿಯಲ್ಲಿ. ನನ್ನ ಮಗಳು ಅಜ್ಜನ ಹತ್ರ ಕೂತು, "ಅಜ್ಜ, ನಿಮ್ಮ ಹಳೇ ಊರು ಹೇಗಿತ್ತು?" ಅಂತ ಕೇಳಿದ್ಳು. ಅಪ್ಪನ ಹಳೇ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೀರೊಳಗೆ ಹೋದ ಊರುಗಳಲ್ಲಿ ಅದೂ ಒಂದು. ಅಪ್ಪ ಆಗ ಇಪ್ಪತ್ತರ ಆಸುಪಾಸಿನ ಹುಡುಗ. ಅವರು ಕನ್ನಡಕ ಒರೆಸಿಕೊಳ್ತಾ ಬಹಳ ಸಲೀಸಾಗಿ ಹೇಳಿದ್ರು, "ಎಲ್ಲಾ ಬರೆದಿಟ್ಟಿದ್ದೀನಲ್ಲೇ ಪುಟ್ಟಿ, ಆ ಕಂಪ್ಯೂಟರಿನಲ್ಲಿ. ನಿನ್ನಪ್ಪನ್ನ ಕೇಳು, ತೆಕ್ಕೊಡ್ತಾನೆ."

ನನಗೆ ಹೊಟ್ಟೆಯೊಳಗೆ ತಣ್ಣಗಾಯ್ತು. "ಆ ಕಂಪ್ಯೂಟರ್" ಮನೆಯಿಂದ ಹೋಗಿ ಹತ್ತು ವರ್ಷದ ಮೇಲಾಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. 2007ರಲ್ಲಿ ನನಗೆ ಲಿನಕ್ಸ್ ಹುಚ್ಚು. ಹುಚ್ಚು ನನಗಿದ್ರೆ ಸಾಲದು ಅಂತ, ನಿವೃತ್ತಿ ಆಗಿ ಮನೆಯಲ್ಲಿದ್ದ ಅಪ್ಪನ ಕಂಪ್ಯೂಟರಿಗೂ ಫೆಡೋರಾ ಕೋರ್ 6 ಹಾಕಿದ್ದೆ. ಸ್ಕಿಮ್ ಹಾಕಿ, ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಚಿತ್ರ ಪ್ರಿಂಟ್ ತೆಗೆದು ಮಾನಿಟರಿನ ಪಕ್ಕದ ಗೋಡೆಗೆ ಅಂಟಿಸಿಕೊಟ್ಟಿದ್ದೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ, ಒಂದೊಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕನ್ನಡ ಟೈಪ್ ಮಾಡೋದು ಕಲಿತಿತ್ತು. ಓಪನ್ ಆಫೀಸಿನಲ್ಲಿ ಅಧ್ಯಾಯಕ್ಕೊಂದರಂತೆ ಏಳು ಕಡತ. ನಾನು ಆಗ ಒಂದೂ ಓದಿರಲಿಲ್ಲ. "ಆಮೇಲೆ ಓದ್ತೀನಿ" ಅಂದಿದ್ದೆ. ಆ ಆಮೇಲೆ ಬರಲೇ ಇಲ್ಲ.

ಆ ಯಂತ್ರದಲ್ಲಿ ಇದ್ದದ್ದು 40 ಜಿಬಿ ಡಿಸ್ಕ್. ತಂಗಿಯ ಮದುವೆ ಫೋಟೋಗಳನ್ನೆಲ್ಲ ತುಂಬಿದ ಮೇಲೆ ಜಾಗ ಸಾಲದೇ ಹೋಯ್ತು. ನಾನು ದೊಡ್ಡ ಪಂಡಿತನ ಹಾಗೆ 80 ಜಿಬಿಯ ಇನ್ನೊಂದು ಡಿಸ್ಕ್ ತಂದು ಸಿಕ್ಕಿಸಿ, ಎರಡನ್ನೂ ಎಲ್‌ವಿಎಂನಲ್ಲಿ ಒಂದು ಮಾಡಿಬಿಟ್ಟೆ. ನೋಡ್ತಾ ನೋಡ್ತಾ ಅಪ್ಪನ ಜಾಗ ಮೂರು ಪಟ್ಟು ಹಿಗ್ಗಿತು. ಅಪ್ಪ "ಪರವಾಗಿಲ್ವೇ" ಅಂದ್ರು. ನಾನು ವಾರಗಟ್ಟಲೆ ಬೀಗಿದೆ.

ಎಲ್‌ವಿಎಂ ಅಂದ್ರೆ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್. ಲಿನಕ್ಸಿಗೆ ಇದನ್ನು 1998ರಲ್ಲಿ ಹೈಂಜ್ ಮಾವೆಲ್ಸ್‌ಹಾಗನ್ ಅನ್ನೋರು ಬರೆದರು, ಎಚ್‌ಪಿ-ಯುಎಕ್ಸ್‌ನಲ್ಲಿದ್ದ ವ್ಯವಸ್ಥೆಯ ಮಾದರಿಯಲ್ಲಿ. ನಮ್ಮ ಕಡೆ ಲೆಕ್ಕದಲ್ಲಿ ಹೇಳೋದಾದ್ರೆ, ಅಣ್ಣತಮ್ಮಂದಿರು ತಮ್ಮ ತಮ್ಮ ಗದ್ದೆಗಳನ್ನು ಒಟ್ಟು ಮಾಡಿ, ಆಮೇಲೆ ಬೇಕಾದಲ್ಲಿ ಬದು ಹಾಕಿಕೊಂಡ ಹಾಗೆ. ಒಂದೊಂದು ಡಿಸ್ಕು (ಅಥವಾ ಅದರ ಪಾರ್ಟಿಶನ್ನು) ಒಂದೊಂದು ಫಿಸಿಕಲ್ ವಾಲ್ಯೂಮ್. ಒಟ್ಟಾದ ಜಮೀನು ವಾಲ್ಯೂಮ್ ಗ್ರೂಪ್. ಅದರೊಳಗೆ ಬದು ಹಾಕಿ ಮಾಡಿಕೊಂಡ ಮಡಿ ಲಾಜಿಕಲ್ ವಾಲ್ಯೂಮ್. ಈ ಮಡಿ ಎರಡು ಗದ್ದೆಗಳ ಮೇಲೂ ಹಾಯ್ದು ಹೋಗಬಹುದು. ಮೇಲಿನಿಂದ ನೋಡೋರಿಗೆ ಒಂದೇ ಮಡಿ.

ತೊಂದರೆ ಏನು ಅಂತ ನಿಮಗೆ ಈಗಾಗಲೇ ಹೊಳೆದಿರತ್ತೆ. ಒಂದು ಗದ್ದೆ ಕೈಬಿಟ್ಟು ಹೋದ್ರೆ ಮಡಿ ಅರ್ಧ ಕತ್ತರಿಸಿಹೋಗತ್ತೆ. ಎರಡು ಡಿಸ್ಕನ್ನು ಹೀಗೆ ಬೆಸೆದಾಗ ನಾನು ಜಾಗ ಹಿಗ್ಗಿಸಿದ್ದೆ, ಜೊತೆಗೆ ಅಪಾಯವನ್ನೂ ಹಿಗ್ಗಿಸಿದ್ದೆ. ಬ್ಯಾಕಪ್? ಹ್ಹ. ಆಗ ನನಗೆ ಇಪ್ಪತ್ತಾರು ವರ್ಷ.

ಈಗ ಕಥೆಗೆ ವಾಪಸ್. ಕಂಪ್ಯೂಟರ್ ಕೆಟ್ಟಾಗ ಅಪ್ಪ ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ರಂತೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಅಂತ ಹೇಳಿ, "ದೊಡ್ಡ ಡಿಸ್ಕ್ ಇದು, ಇದೂ ಸತ್ತಿದೆ, ಆದ್ರೂ ಇಟ್ಟುಕೊಳ್ಳಿ" ಅಂತ 80 ಜಿಬಿಯದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ರು. ಅದು ಅಪ್ಪನ ಟೇಬಲ್ಲಿನ ಕೆಳಗಿನ ಖಾನೆಯಲ್ಲಿ ಭದ್ರವಾಗಿತ್ತು. 40ರದ್ದು ಏನಾಯ್ತು? ಅಪ್ಪನಿಗೆ ನೆನಪಿಲ್ಲ. ಅಮ್ಮ, "ಗುಜರಿಯವನಿಗೆ ಹೋಯ್ತೇನೋ" ಅಂದ್ರು. ನನ್ನ ಎದೆ ಧಸಕ್ ಅಂತು.

ಇರ್ಲಿ, ಇರೋದನ್ನ ನೋಡೋಣ ಅಂತ ಐಡಿಇಯಿಂದ ಯುಎಸ್‌ಬಿಗೆ ಹೋಗೋ ಅಡಾಪ್ಟರ್ ತರಿಸಿದೆ. ಸಿಕ್ಕಿಸಿದೆ. ಡಿಸ್ಕ್ ತಿರುಗೋ ಸದ್ದು ಬಂತು, ಆದ್ರೆ ಲ್ಯಾಪ್‌ಟಾಪಿಗೆ ಏನೂ ಕಾಣಲಿಲ್ಲ. ಅಂಗಡಿಯವರು ಹೇಳಿದ್ದು ನಿಜ, ಸತ್ತಿದೆ ಅಂತಲೇ ಅಂದ್ಕೊಂಡೆ. ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಆಮೇಲೆ ಹಿಂಭಾಗದ ಜಂಪರ್ ಕಣ್ಣಿಗೆ ಬಿತ್ತು. ಐಡಿಇ ಕಾಲದವರಿಗೆ ಗೊತ್ತಿರತ್ತೆ... ಒಂದೇ ಕೇಬಲ್ಲಿಗೆ ಎರಡು ಡಿಸ್ಕ್, ಒಂದು ಮಾಸ್ಟರ್, ಒಂದು ಸ್ಲೇವ್. ಇದು ಎರಡನೇ ಡಿಸ್ಕ್ ಆಗಿದ್ರಿಂದ 2007ರಲ್ಲಿ ನಾನೇ ಸ್ಲೇವ್‌ಗೆ ಇಟ್ಟಿದ್ದೆ. ನನ್ನ ಅಡಾಪ್ಟರಿಗೆ ಮಾಸ್ಟರೇ ಬೇಕು. ಅಮ್ಮನ ಹುಬ್ಬಿನ ಚಿಮುಟ ತಂದು ಜಂಪರ್ ಬದಲಾಯಿಸಿದೆ. ಡಿಸ್ಕ್ ಬದುಕಿತ್ತು! ಪಾಪ ಅಂಗಡಿಯವರಿಗೂ ಇದೇ ಆಗಿರಬೇಕು.

ಖುಷಿಯಿಂದ ಪಿವಿಸ್ಕ್ಯಾನ್ ಕೊಟ್ಟೆ. ಎಲ್‌ವಿಎಂಗೆ ಸೇರಿದ ಡಿಸ್ಕುಗಳನ್ನು ಹುಡುಕೋ ಕಮಾಂಡ್ ಅದು. ಬಂದದ್ದು ನನ್ನ ಲ್ಯಾಪ್‌ಟಾಪಿನದೇ ಡಿಸ್ಕ್, ಅಷ್ಟೇ. ಅಪ್ಪನ ಡಿಸ್ಕ್ ಪಟ್ಟಿಯಲ್ಲೇ ಇಲ್ಲ. ಮತ್ತೆ ಎದೆ ಧಸಕ್. ಆದ್ರೆ ಎಲ್‌ಎಸ್‌ಬಿಎಲ್‌ಕೆ ಕೊಟ್ಟರೆ ಅದೇ ಡಿಸ್ಕಿನ ಪಕ್ಕದಲ್ಲಿ "ಎಲ್‌ವಿಎಂ2 ಮೆಂಬರ್" ಅಂತ ಸ್ಪಷ್ಟವಾಗಿ ತೋರಿಸ್ತಿದೆ. ಒಬ್ಬರು ಇದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ!

ಇಲ್ಲಿ ನಾನು ಹಳೇ ಕಾಲದವನಾಗಿಬಿಟ್ಟಿದ್ದೆ. ಹಿಂದೆಲ್ಲ ಎಲ್‌ವಿಎಂ ಸ್ಕ್ಯಾನ್ ಅಂದ್ರೆ ಯಂತ್ರಕ್ಕೆ ಕಾಣೋ ಎಲ್ಲಾ ಡಿಸ್ಕುಗಳ ಬಾಗಿಲೂ ತಟ್ಟೋದು. ಬೇಡವಾದದ್ದನ್ನು ಬಿಡಬೇಕು ಅಂದ್ರೆ ಫಿಲ್ಟರ್ ಬರೆಯಬೇಕಿತ್ತು. 2022ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಇದು ಉಲ್ಟಾ ಆಯ್ತು. ಒಂದು ಪಟ್ಟಿ ಇರತ್ತೆ, ಪಟ್ಟಿಯಲ್ಲಿ ಹೆಸರಿದ್ದವರ ಬಾಗಿಲು ಮಾತ್ರ ತಟ್ಟೋದು. ಹೊಸದಾಗಿ ಬಂದ ಅತಿಥಿ ಹೊರಗೇ ನಿಂತಿರಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಇರೋದು ಅದೇ ಮನೆತನದ ಆಲ್ಮಾ ಲಿನಕ್ಸ್ 9. ದೊಡ್ಡ ದೊಡ್ಡ ಸರ್ವರ್‌ಗಳಲ್ಲಿ ನೂರಾರು ಡಿಸ್ಕ್ ಇರತ್ತೆ, ವರ್ಚುವಲ್ ಯಂತ್ರಗಳ ಡಿಸ್ಕುಗಳೂ ಇರತ್ತೆ. ಅಲ್ಲಿ ಕಂಡಕಂಡವರ ಮನೆಗೆ ನುಗ್ಗಬಾರದು ಅನ್ನೋದು ನ್ಯಾಯವೇ. ನನ್ನ ಜಗುಲಿಯಲ್ಲಿ ಮಾತ್ರ ಅದು ಅರ್ಧ ದಿನ ತಿಂದಿತು. ಎಲ್‌ವಿಎಂಡಿವೈಸಸ್ ಅನ್ನೋ ಕಮಾಂಡಿನಿಂದ ಅಪ್ಪನ ಡಿಸ್ಕನ್ನೂ ಪಟ್ಟಿಗೆ ಸೇರಿಸಿದೆ. ಈ ಪಟ್ಟಿ ಇರೋದು ಲ್ಯಾಪ್‌ಟಾಪಿನಲ್ಲಿ, ಹಾಗಾಗಿ ಹಳೇ ಡಿಸ್ಕಿನ ಮೇಲೆ ಏನೂ ಬರೆಯೋದಿಲ್ಲ.

ಮತ್ತೆ ಪಿವಿಸ್ಕ್ಯಾನ್. ಈ ಸಲ ಬಂತು. "ವಾಲ್‌ಗ್ರೂಪ್00". ಆ ಕಾಲದ ಫೆಡೋರಾ ಇನ್‌ಸ್ಟಾಲರ್ ತಾನಾಗೇ ಇಡುತ್ತಿದ್ದ ಹೆಸರು ಅದು. ಅದರ ಮೇಲೆ ಒಂದು ಎಚ್ಚರಿಕೆಯ ಸಾಲು. ಕನ್ನಡದಲ್ಲಿ ಹೇಳೋದಾದ್ರೆ ಹೀಗೆ: ಈ ಗುಂಪಿನಲ್ಲಿ ಇಂಥಾ ಯುಯುಐಡಿಯ ಫಿಸಿಕಲ್ ವಾಲ್ಯೂಮ್ ಕಾಣೆಯಾಗಿದೆ, ಕೊನೆಯ ಸಲ ಅದನ್ನು ಬರೆದದ್ದು ಎಚ್‌ಡಿಎ2ಗೆ.

ಎಚ್‌ಡಿಎ2! ಐಡಿಇ ಡಿಸ್ಕುಗಳಿಗೆ ಎಚ್‌ಡಿಎ, ಎಚ್‌ಡಿಬಿ ಅಂತ ಹೆಸರಿಡೋದನ್ನು ಫೆಡೋರಾ 2007ರಲ್ಲೇ, ಫೆಡೋರಾ 7ರಲ್ಲಿ ಬಿಟ್ಟಿತು. ಆಮೇಲೆ ಎಲ್ಲವೂ ಎಸ್‌ಡಿಎ, ಎಸ್‌ಡಿಬಿ. ನನ್ನ ಲ್ಯಾಪ್‌ಟಾಪ್ ಜನ್ಮದಲ್ಲಿ ನೋಡಿರದ ಹೆಸರನ್ನು ಈ ಹಳೇ ಡಿಸ್ಕ್ ಇಷ್ಟು ವರ್ಷ ಕತ್ತಲ ಖಾನೆಯಲ್ಲಿ ಕೂತು ನೆನಪಿಟ್ಟುಕೊಂಡಿತ್ತು. ಜೊತೆಗಾರ ಎಲ್ಲಿ ಅಂತ ಕೇಳ್ತಿತ್ತು. ನಗಬೇಡಿ, ನನಗೆ ಆ ಕ್ಷಣ ಹಾಗೇ ಅನ್ನಿಸಿತು.

ಇದು ಹೇಗೆ ಸಾಧ್ಯ ಅಂತ ಸ್ವಲ್ಪ ಹೇಳ್ತೀನಿ, ಈ ಬರಹ ಬರೆಯೋಕೆ ಕೂತದ್ದೇ ಇದಕ್ಕೆ. ಸ್ಕ್ಯಾನ್ ಮಾಡುವಾಗ ಎಲ್‌ವಿಎಂ ಪ್ರತಿ ಡಿಸ್ಕಿನ ಆರಂಭದ ನಾಲ್ಕು ಸೆಕ್ಟರ್ ನೋಡತ್ತೆ. ಒಂದು ಸೆಕ್ಟರ್ ಅಂದ್ರೆ 512 ಬೈಟ್. ಅಲ್ಲಿ, ಸಾಮಾನ್ಯವಾಗಿ ಎರಡನೇ ಸೆಕ್ಟರಿನಲ್ಲಿ, "ಲೇಬಲ್‌ಒನ್" ಅಂತ ಎಂಟು ಅಕ್ಷರದ ಗುರುತು ಇದ್ರೆ, ಇದು ನಮ್ಮವನು ಅಂತ ಅರ್ಥ. ಅದರ ಜೊತೆ ಆ ಡಿಸ್ಕಿನ 32 ಅಕ್ಷರದ ಯುಯುಐಡಿ, ಅಳತೆ, ಮತ್ತು ಮೆಟಾಡೇಟಾ ಎಲ್ಲಿದೆ ಅನ್ನೋ ವಿಳಾಸ. ಆ ಮೆಟಾಡೇಟಾ ಇದೆಯಲ್ಲ, ಅದು ಯಾವುದೋ ಬೈನರಿ ಗೂಢಲಿಪಿ ಅಲ್ಲ, ಸಾದಾ ಪಠ್ಯ! ಡಿಸ್ಕಿನ ಮೊದಲ ಭಾಗವನ್ನು ತೆಗೆದು ನೋಡಿದ್ರೆ ಕಣ್ಣಲ್ಲೇ ಓದಬಹುದು. ಗುಂಪಿನ ಹೆಸರು, ಸದಸ್ಯರು ಯಾರ್‍ಯಾರು, ಯಾವ ಲಾಜಿಕಲ್ ವಾಲ್ಯೂಮ್ ಯಾವ ಡಿಸ್ಕಿನ ಎಷ್ಟನೇ ತುಂಡಿನಿಂದ ಶುರುವಾಗಿ ಎಲ್ಲಿ ಮುಗಿಯತ್ತೆ, ಎಲ್ಲವೂ. ಮುಖ್ಯವಾದದ್ದು ಏನಂದ್ರೆ, ನಾವು ಬೇರೆ ಹೇಳದಿದ್ರೆ, ಈ ಪೂರ್ತಿ ದಾಖಲೆಯ ಪ್ರತಿ ಗುಂಪಿನ ಎಲ್ಲಾ ಡಿಸ್ಕುಗಳಲ್ಲೂ ಇರತ್ತೆ. ಒಬ್ಬ ತಮ್ಮ ಮಾತ್ರ ಉಳಿದಿದ್ರೂ ಇಡೀ ಮನೆಯ ಪಹಣಿ ಅವನ ಹತ್ರ ಸಿಗತ್ತೆ.

ಮತ್ತೆ ಹೆಸರಿನ ವಿಷಯ. ಎಚ್‌ಡಿಎ, ಎಸ್‌ಡಿಬಿ ಇವೆಲ್ಲ ಡಿಸ್ಕ್ ಕೂತ ಜಾಗದ ಹೆಸರು, ಡಿಸ್ಕಿನದಲ್ಲ. ಎಲ್‌ವಿಎಂ ಬರೆಯೋ ಬ್ಯಾಕಪ್ ಕಡತದಲ್ಲಿ ಡಿವೈಸ್ ಹೆಸರಿನ ಪಕ್ಕದಲ್ಲೇ "ಇದು ಸುಳಿವು ಮಾತ್ರ" ಅಂತ ಅರ್ಥ ಬರೋ ಟಿಪ್ಪಣಿ ಇರತ್ತೆ. ನಂಬೋದು ಯುಯುಐಡಿಯನ್ನೇ. ಎಲ್ಲಿ ಬೇಕಾದ್ರೂ ಸಿಕ್ಕಿಸಿ, ಯಾವ ಕೇಬಲ್ಲಿಗೆ ಬೇಕಾದ್ರೂ ಹಾಕಿ, ಗುರುತು ಹಿಡಿಯತ್ತೆ.

ಆ ಪಠ್ಯ ಓದಿದಾಗಲೇ ಕೆಟ್ಟ ಸುದ್ದಿಯೂ ಗೊತ್ತಾಯ್ತು. ಅಪ್ಪನ ಕಡತಗಳಿದ್ದ ವಾಲ್ಯೂಮ್ ಶುರುವಾಗೋದು ಕಾಣೆಯಾದ 40ರಲ್ಲಿ, ಮುಂದುವರಿಯೋದು ಕೈಯಲ್ಲಿರೋ 80ರಲ್ಲಿ. ಫೈಲ್ ಸಿಸ್ಟಮ್ಮಿನ ತಲೆ ಇಲ್ಲ, ಬರೀ ಮುಂಡ. ಇರೋ ಭಾಗವನ್ನಷ್ಟೇ ಎಬ್ಬಿಸೋ ಉಪಾಯ ಎಲ್‌ವಿಎಂನಲ್ಲಿ ಇದೆ. ಆದ್ರೆ ತಲೆಯಿಲ್ಲದೆ ಎಬ್ಬಿಸಿ ಮಾಡೋದೇನು?

ಇಲ್ಲಿ ಒಂದು ಮಾತು, ಇಂಥಾ ಸ್ಥಿತಿಗೆ ಬಂದವರಿಗೆ. ಹೀಗೆ ಡಿಸ್ಕ್ ಕಾಣೆಯಾದ ಎಚ್ಚರಿಕೆ ಬಂದಾಗ, ಕಾಣೆಯಾದದ್ದನ್ನು ಗುಂಪಿನಿಂದ ತೆಗೆದುಬಿಡು ಅನ್ನೋ ಕಮಾಂಡ್ ಒಂದಿದೆ, ವಿಜಿರೆಡ್ಯೂಸ್ ಅಂತ. ಅದನ್ನು ಬಲವಂತದಿಂದ ಕೊಟ್ಟರೆ ಎಚ್ಚರಿಕೆ ಮಾಯವಾಗತ್ತೆ. ಜೊತೆಗೆ ಆ ಡಿಸ್ಕನ್ನು ನಂಬಿಕೊಂಡಿದ್ದ ವಾಲ್ಯೂಮಿನ ಲೆಕ್ಕವೂ ಮಾಯವಾಗತ್ತೆ. ಹಾಗೇ ಪಿವಿಕ್ರಿಯೇಟ್ ಕೂಡ, ಇದ್ದ ಗುರುತಿನ ಮೇಲೆ ಹೊಸ ಗುರುತು ಬರೆಯೋ ಕಮಾಂಡ್. ನನಗೆ ಕೈ ತುರಿಸಿತ್ತು, ಸುಳ್ಳು ಹೇಳಲ್ಲ. ಪುಣ್ಯಕ್ಕೆ ಮುಟ್ಟಲಿಲ್ಲ. ಸ್ಕ್ಯಾನ್ ಬರೀ ಓದತ್ತೆ. ಓದೋದರಿಂದ ಯಾರಿಗೂ ನಷ್ಟ ಇಲ್ಲ. ಎಲ್ಲಾ ಸದಸ್ಯರೂ ಸಿಗೋ ತನಕ ಓದ್ತಾ ಇರಿ, ಬರೀಬೇಡಿ. (ಬ್ಲಾಗಿಗರಿಗೆ ಹೇಳಬಾರದ ಮಾತು ಇದು!)

ಯುಯುಐಡಿಯ ಮೊದಲ ಆರು ಅಕ್ಷರವನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಅಟ್ಟ ಹತ್ತಿದೆ. ಇದು ಇನ್ನೊಂದು ಸ್ಕ್ಯಾನ್. ಹಳೇ ಕಂಬಳಿ, ತೊಟ್ಟಿಲು, ಒಡೆದ ಉಪ್ಪಿನಕಾಯಿ ಭರಣಿ, ನನ್ನ ಹತ್ತನೇ ಕ್ಲಾಸಿನ ಗೈಡುಗಳು... ಒಂದೊಂದೇ ತೆಗೆದು ನೋಡ್ತಾ ಹೋದೆ. ಮಗಳು ಕೆಳಗಿನಿಂದ "ಸಿಕ್ತಾ?" ಅಂತ ಐದು ನಿಮಿಷಕ್ಕೊಮ್ಮೆ ಕೂಗ್ತಿದ್ಳು. ಸಂಜೆಯ ಹೊತ್ತಿಗೆ ಬಿಸ್ಕತ್ತಿನ ಒಂದು ತಗಡಿನ ಡಬ್ಬ ಸಿಕ್ತು. ಒಳಗೆ ಮೌಸಿನ ಬಾಲ, ಒಂದು ಮೋಡೆಮ್, ಮತ್ತೆ ಎರಡು ಹಾರ್ಡ್ ಡಿಸ್ಕ್. ಎರಡೂ 40 ಜಿಬಿ! ಅಪ್ಪ ಗುಜರಿಗೆ ಏನನ್ನೂ ಕೊಡೋ ಜಾತಿಯವರಲ್ಲ ಅಂತ ನನಗೆ ಮೊದಲೇ ಹೊಳೀಬೇಕಿತ್ತು.

ಮೊದಲನೆಯದನ್ನು ಸಿಕ್ಕಿಸಿ ಪಟ್ಟಿಗೆ ಸೇರಿಸಿ ಸ್ಕ್ಯಾನ್ ಮಾಡಿದೆ. "ವಾಲ್‌ಗ್ರೂಪ್00" ಅಂತ ಬಂದೇಬಿಡ್ತು. ಕುಣಿದಾಡಿದೆ. ಆಮೇಲೆ ನೋಡಿದ್ರೆ, ಒಂದೇ ಹೆಸರಿನ ಎರಡು ಗುಂಪುಗಳಿವೆ ಅಂತ ಹೊಸ ಎಚ್ಚರಿಕೆ. ಕ್ಯಾಲೆಂಡರಿನ ಆರು ಅಕ್ಷರಕ್ಕೆ ಇದು ಹೊಂದಲಿಲ್ಲ. ಇದು ತಂಗಿಯ ಹಾಸ್ಟೆಲ್ ಕಂಪ್ಯೂಟರಿನ ಡಿಸ್ಕ್, ಅದಕ್ಕೂ ಫೆಡೋರಾ ಹಾಕಿದವನು ನಾನೇ, ಇನ್‌ಸ್ಟಾಲರ್ ಅದಕ್ಕೂ ಅದೇ ಹೆಸರಿಟ್ಟಿತ್ತು. ಒಂದೇ ಊರಲ್ಲಿ ಇಬ್ಬರು ಮಂಜುನಾಥ ಇದ್ದ ಹಾಗೆ. ಎರಡೂ ಬೇಕು ಅಂದ್ರೆ ಯುಯುಐಡಿ ಕೊಟ್ಟು ಒಂದರ ಹೆಸರು ಬದಲಾಯಿಸಬಹುದು. ನಾನು ತಂಗಿಯದನ್ನು ಕಳಚಿ ಪಕ್ಕಕ್ಕಿಟ್ಟೆ.

ಎರಡನೆಯದನ್ನು ಹಾಕಿದಾಗ ಎಚ್ಚರಿಕೆಯ ಸಾಲು ಹೋಯ್ತು. ಕಾಣೆಯಾದವನು ಮನೆಗೆ ಬಂದಿದ್ದ. ಆದ್ರೆ ಡಿಸ್ಕಿನೊಳಗಿಂದ ಟಕ್... ಟಕ್... ಅಂತ ಸಣ್ಣ ಸದ್ದು. ಆ ಸದ್ದು ಕೇಳಿದವರಿಗೆ ಗೊತ್ತು, ಇನ್ನು ಹೆಚ್ಚು ಆಟ ಆಡಬಾರದು ಅಂತ. ಮೌಂಟ್ ಮಾಡೋ ಆಸೆ ತಡೆದುಕೊಂಡು, ಡಿಡಿರೆಸ್ಕ್ಯೂನಲ್ಲಿ ಇಡೀ ಡಿಸ್ಕನ್ನು ಬಿಟ್ಟಿಗೆ ಬಿಟ್ಟು ಒಂದು ಇಮೇಜ್ ಕಡತವಾಗಿ ನಕಲು ತೆಗೆಯೋಕೆ ಹಚ್ಚಿ ಮಲಗಿದೆ. ಅದು ಮೊದಲು ಸಲೀಸಾಗಿ ಓದೋಕಾಗೋದನ್ನೆಲ್ಲ ಓದಿ, ಕೆಟ್ಟ ಜಾಗಗಳಿಗೆ ಆಮೇಲೆ ವಾಪಸ್ ಬರತ್ತೆ. ಬೆಳಿಗ್ಗೆ ಎದ್ದಾಗ ಚೂರುಪಾರು ಬಿಟ್ಟು ಎಲ್ಲಾ ಬಂದಿತ್ತು. 80ರದ್ದನ್ನೂ ಹಾಗೇ ನಕಲು ಮಾಡಿದೆ.

ಆಮೇಲೆ ಎರಡೂ ಅಸಲಿ ಡಿಸ್ಕ್ ಕಳಚಿಟ್ಟೆ. ಇದನ್ನು ಮರೀಬಾರದು. ಅಸಲಿ, ನಕಲು ಎರಡೂ ಒಟ್ಟಿಗೆ ಇದ್ರೆ ಒಂದೇ ಯುಯುಐಡಿ ಎರಡು ಕಡೆ ಕಂಡು ಎಲ್‌ವಿಎಂ ಗೊಂದಲಕ್ಕೆ ಬೀಳತ್ತೆ. ಇಮೇಜುಗಳನ್ನು ಲೂಪ್ ಡಿವೈಸ್ ಮಾಡಿ ಪಟ್ಟಿಗೆ ಸೇರಿಸಿ, ಕೊನೆಯ ಸಲ ಪಿವಿಸ್ಕ್ಯಾನ್. ಎರಡೂ ಹಾಜರ್. ಡಿಸ್ಕೇ ಅಲ್ಲದ ಎರಡು ಕಡತಗಳನ್ನೂ ಗುರುತು ಹಿಡಿದು ಅಣ್ಣತಮ್ಮ ಅಂದಿತು! ವಿಜಿಚೇಂಜ್‌ನಿಂದ ಗುಂಪನ್ನು ಎಬ್ಬಿಸಿ, ಜರ್ನಲ್ ಕೂಡ ಮುಟ್ಟದ ಹಾಗೆ ಬರೀ ಓದಲಿಕ್ಕೆ ಮಾತ್ರ ಮೌಂಟ್ ಮಾಡಿದೆ. ಅಪ್ಪನ ಹೋಮ್ ಡೈರೆಕ್ಟರಿ ತೆರೆದುಕೊಂಡಿತು. "ಊರು1" ರಿಂದ "ಊರು7".

ಆರು ತೆರೆದವು. ನಾಲ್ಕನೆಯದು ತೆರೆಯಲಿಲ್ಲ. ಕೆಟ್ಟ ಸೆಕ್ಟರುಗಳಲ್ಲಿ ಒಂದು ಅದರ ಮೇಲೇ ಬಿದ್ದಿತ್ತು. ಓಪನ್ ಆಫೀಸಿನ ಕಡತ ಅಂದ್ರೆ ಒಳಗೆ ಜಿಪ್ ಮಾಡಿದ ಗಂಟು, ನಡುವೆ ಒಂದಿಷ್ಟು ಹೋದ್ರೂ ಬಿಚ್ಚೋದು ಕಷ್ಟ. ಏನೇನೋ ಮಾಡಿ ನೋಡಿದೆ. ಆಗಲಿಲ್ಲ.

ಅಪ್ಪನಿಗೆ ಈಗ ಸ್ಕ್ರೀನ್ ಓದೋಕೆ ಕಣ್ಣು ಸಾಲದು. ಮಗಳು ಓದಿದ್ಳು. ಕನ್ನಡ ನಿಧಾನಕ್ಕೆ ಓದೋ ಬೆಂಗಳೂರು ಮಗು, ತಡವರಿಸ್ತಾ ತಡವರಿಸ್ತಾ. ಮನೆಯಿಂದ ಹೊಳೆಗೆ ಹೋಗೋ ದಾರಿ, ದಾರಿಯಲ್ಲಿ ಸಿಗೋ ಮನೆಗಳು, ಯಾರ ಮನೆಯಲ್ಲಿ ಎಷ್ಟು ಎಮ್ಮೆ... ನಮ್ಮಜ್ಜಿಯ ಹೆಸರು ಮೊದಲು ಬೇರೇನೋ ಇತ್ತು, ಮದುವೆಯಲ್ಲಿ ಬದಲಾಯಿಸಿದ್ರು ಅಂತ ನನಗೆ ಗೊತ್ತಾಗಿದ್ದು ಆವತ್ತು, ಎರಡನೇ ಕಡತದಲ್ಲಿ. ಅಪ್ಪ ಕಣ್ಣು ಮುಚ್ಚಿ ಕೇಳ್ತಾ ಇದ್ದೋರು ನಡುವೆ ಒಮ್ಮೆ, "ತಪ್ಪು ಬರ್ದಿದೀನಿ, ಆ ಬಾವಿ ಇದ್ದದ್ದು ದೇವಸ್ಥಾನದ ಈ ಕಡೆ" ಅಂತ ತಿದ್ದಿದ್ರು.

ನಾಲ್ಕನೆಯದು ಹೋಯ್ತಪ್ಪ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಕೊನೆಗೆ ಹೇಳಿದೆ, ತಪ್ಪು ನಂದೇ, ಒಂದು ಸಿಡಿಗಾದ್ರೂ ನಕಲು ಮಾಡಿಡಬೇಕಿತ್ತು ಅಂತಲೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ನಾಲ್ಕು... ಮದುವೆಮನೆ ಊಟದ್ದು. ಅದರಲ್ಲಿ ಅಂಥಾದ್ದೇನೂ ಇರಲಿಲ್ಲ ಬಿಡು" ಅಂದ್ರು. ಅಂದು ಸುಮ್ಮನಾಗಲಿಲ್ಲ. ಯಾರ ಮನೆ ಮದುವೆ, ಎಷ್ಟು ಬಗೆ ಪಲ್ಯ, ಬಾಳೆಎಲೆ ಎಲ್ಲಿಂದ ತರ್ತಿದ್ರು, ಜಗಳ ಆಡಿ ಎದ್ದು ಹೋದ ಬೀಗರು ಹೊಳೆ ದಾಟೋಕೆ ದೋಣಿ ಇಲ್ಲದೆ ವಾಪಸ್ ಬಂದು ಪಂಕ್ತಿಯಲ್ಲಿ ಕೂತದ್ದು... ಎರಡು ಗಂಟೆ. ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅದನ್ನು ಕೇಳಿ ನಾನು ಟೈಪ್ ಮಾಡ್ತಾ ಇದ್ದೀನಿ, "ಊರು4" ಅಂತಲೇ ಹೆಸರಿಟ್ಟು. ಈ ಸಲ ಮೂರು ಕಡೆ ನಕಲು ಇದೆ. ಒಂದು ತಂಗಿಯ ಮನೆಯಲ್ಲಿ.

ಇಷ್ಟೇ ಕಥೆ. ನಿಮ್ಮ ಅಟ್ಟದಲ್ಲೂ ಒಂದು ಡಬ್ಬ ಇರತ್ತೆ ಅಂತ ನನಗೆ ಗೊತ್ತು. ಬ್ಲಾಗಿಗೆ ಹಾಕದೇ ಬಿಟ್ಟ ಹಳೇ ಡ್ರಾಫ್ಟುಗಳು, ಅಮ್ಮನ ಹಾಡಿನ ಪಟ್ಟಿ, ಯಾವುದೋ ಸತ್ತಿದೆ ಅಂತ ಬಿಟ್ಟ ಡಿಸ್ಕಿನಲ್ಲಿ ಇರಬಹುದು. ಬಿಸಾಡೋ ಮುಂಚೆ, ಫಾರ್ಮ್ಯಾಟ್ ಮಾಡೋ ಮುಂಚೆ, ಒಂದ್ಸಲ ಜಂಪರ್ ನೋಡಿ, ಒಂದ್ಸಲ ಸ್ಕ್ಯಾನ್ ಮಾಡಿ. ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಇಲ್ಲಿ ಕೇಳಿ, ನನಗೆ ತಿಳಿದಷ್ಟು ಹೇಳ್ತೀನಿ.

ತಂಗಿಯ ಹಾಸ್ಟೆಲ್ ಡಿಸ್ಕ್ ಇನ್ನೂ ನನ್ನ ಹತ್ರಾನೇ ಇದೆ. ತೆಗೆದು ನೋಡಬಾರದು ಅಂತ ಫೋನಿನಲ್ಲೇ ತಾಕೀತು ಮಾಡಿದಾಳೆ.